ಮದುವೆ ವಿಚಾರಣೆಗೆ ಫೋನ್ ಬಂದಿದೆ, ಹುಡುಗನ ಗುಟ್ಟು ನನಗೆ ಗೊತ್ತು. ಏನು ಹೇಳಲಿ?

ಡೊಂಬಿವಲಿ ಪೂರ್ವ
ಎಲ್ಲರಿಗೂ ನಮಸ್ಕಾರ. ಹೆಸರು, ಬಿಲ್ಡಿಂಗ್ ಯಾವುದನ್ನೂ ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ.

ನಮ್ಮ ಪಕ್ಕದ ವಿಂಗ್‌ನಲ್ಲಿ ಕುಂದಾಪುರ ಕಡೆಯ ಒಂದು ಮನೆ ಇದೆ. ಅವರ ಮಗ ನನ್ನನ್ನು ಅಣ್ಣ ಅಂತ ಕರೆಯುತ್ತಾನೆ. ಒಳ್ಳೆ ಹುಡುಗ, ಒಳ್ಳೆ ಕೆಲಸ. ಹೋದ ವರ್ಷ ಬೆಳಗ್ಗೆ ಸ್ಟೇಷನ್‌ನಲ್ಲಿ ಫಾಸ್ಟ್ ಲೋಕಲ್‌ಗೆ ಕಾಯುತ್ತಿದ್ದಾಗ ಅವನಿಗೆ ಫಿಟ್ಸ್ ಬಂತು. ಯಾರೋ ಕೈಗೆ ಬೀಗದ ಕೈ ಗೊಂಚಲು ತುರುಕಿದರು, ಇನ್ನೊಬ್ಬರು ಚಪ್ಪಲಿ ತೆಗೆದು ಮೂಗಿಗೆ ಹಿಡಿದರು. ನಾನು ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಚ್ಚರ ಆದ ಮೇಲೆ ಎಲ್ಲ ಹೇಳಿದ. ಕಾಲೇಜಿನ ದಿನದಿಂದ ಇದೆಯಂತೆ, ಮಾತ್ರೆ ನಡೆಯುತ್ತಿದೆಯಂತೆ, ಆ ವಾರ ನೈಟ್ ಶಿಫ್ಟ್ ಗಡಿಬಿಡಿಯಲ್ಲಿ ಮಾತ್ರೆ ತಪ್ಪಿತ್ತಂತೆ. "ಅಣ್ಣ, ಯಾರಿಗೂ ಹೇಳಬೇಡಿ" ಅಂದ. ಆಯ್ತು ಅಂದೆ. ನನ್ನ ಹೆಂಡತಿಗೂ ಹೇಳಿಲ್ಲ.

ಈಗ ಅವನಿಗೆ ಸಂಬಂಧ ಕೂಡಿಬಂದಿದೆ. ಹುಡುಗಿ ಮನೆ ಘಾಟ್ಕೋಪರ್. ಅವಳ ಸೋದರಮಾವ ನಮ್ಮ ಸಂಘದಲ್ಲಿ ಪರಿಚಯ. ನಿನ್ನೆ ಫೋನ್ ಮಾಡಿ "ಹುಡುಗ ಹೇಗೆ ಮಾರಾಯ್ರೆ? ಕುಡಿತ, ಸಾಲ, ಕಾಯಿಲೆ ಏನಾದರೂ?" ಅಂತ ನೇರ ಕೇಳಿದರು. ಟ್ರೈನ್‌ನಲ್ಲಿದ್ದೇನೆ, ಆಮೇಲೆ ಮಾತಾಡುತ್ತೇನೆ ಅಂತ ಇಟ್ಟುಬಿಟ್ಟೆ. ಅವರು ಬಿಡುವವರಲ್ಲ, ಮತ್ತೆ ಮಾಡುತ್ತಾರೆ. ಏನು ಹೇಳಲಿ?

ಕಲ್ಯಾಣ್ ಸ್ಲೋ
ಇದರಲ್ಲಿ ಕೇಳುವುದೇನಿದೆ? ಮಾತು ಕೊಟ್ಟಾಯ್ತು, ಮುಗೀತು. "ಒಳ್ಳೆ ಹುಡುಗ, ಕಣ್ಣು ಮುಚ್ಚಿ ಕೊಡಿ" ಅನ್ನಿ. ನಾಳೆ ನಿಮ್ಮ ಮನೆ ಗುಟ್ಟು ಅವನಿಗೆ ಗೊತ್ತಾದರೆ ಅವನೂ ಹೀಗೇ ಕಾಪಾಡುತ್ತಾನೆ.

ಅಕ್ಕನ ತಮ್ಮ
ಕಣ್ಣು ಮುಚ್ಚಿ ಕೊಡಿ! ನಮ್ಮ ಮನೆಯಲ್ಲೂ ಯಾರೋ ಇದೇ ಮಾತು ಹೇಳಿದ್ದರು.

ನಮ್ಮಕ್ಕನ ಮದುವೆ ಆಗಿದ್ದು ಇದೇ ಮುಂಬಯಿಯಲ್ಲಿ. ನಾವು ಊರಲ್ಲಿ, ಹುಡುಗ ಇಲ್ಲಿ. ಅವನ ಬಗ್ಗೆ ತಿಳಿಯಲು ಇದ್ದದ್ದು ಫೋನ್ ಒಂದೇ. ನಾಲ್ಕು ಮನೆಯವರನ್ನು ಕೇಳಿದೆವು, ನಾಲ್ಕೂ ಮನೆಯವರು ಒಳ್ಳೆ ಹುಡುಗ ಅಂದರು. ಮದುವೆ ಆದ ಮೇಲೆ ಗೊತ್ತಾಯ್ತು, ಬೆಳಗ್ಗೆ ಹಲ್ಲುಜ್ಜುವ ಮೊದಲೇ ಅವನಿಗೆ ಬಾಟ್ಲಿ ಬೇಕು. ಕೆಲಸ ಹೋಗಿ ವರ್ಷವಾಗಿತ್ತು. ಅಕ್ಕ ವಾಪಸ್ ಬಂದಾಗ ಅದೇ ನಾಲ್ಕು ಮನೆಯವರು ಏನಂದರು ಗೊತ್ತಾ? "ನಮಗೆ ಮೊದಲೇ ಗೊತ್ತಿತ್ತು, ಹೇಳುವುದು ಹೇಗೆ ಅಂತ ಸುಮ್ಮನಿದ್ದೆವು."

ನೀವು ನಂಬಿಕೆ ಉಳಿಸಿಕೊಂಡಿರಿ, ಬಿಲ್ ಕಟ್ಟಿದ್ದು ನಮ್ಮಕ್ಕ. ಸಾರ್, ಹೇಳಿಬಿಡಿ.

ಮೀರಾರೋಡ್ ಅಕ್ಕ
ತಮ್ಮಾ, ನಿನ್ನ ಸಿಟ್ಟು ನ್ಯಾಯವೇ. ಆದರೆ ಫಿಟ್ಸನ್ನೂ ಕುಡಿತವನ್ನೂ ಒಂದೇ ಚೀಲಕ್ಕೆ ಹಾಕಬೇಡ. ಆ ನಾಲ್ಕು ಮನೆಯವರ ತಪ್ಪು ಸುಮ್ಮನಿದ್ದದ್ದಲ್ಲ ನೋಡು. ಅವರು ಸುಮ್ಮನೆ ಎಲ್ಲಿದ್ದರು? "ಒಳ್ಳೆ ಹುಡುಗ" ಅಂತ ಬಾಯಿಬಿಟ್ಟು ಹೇಳಿದರಲ್ಲ! ಗುಟ್ಟು ಬಚ್ಚಿಡುವುದು ಬೇರೆ, ಜಾಮೀನು ನಿಲ್ಲುವುದು ಬೇರೆ. ಡೊಂಬಿವಲಿಯವರು ಹುಡುಗನಿಗೆ ಮಾತು ಕೊಟ್ಟಿದ್ದು ಯಾರಿಗೂ ಹೇಳುವುದಿಲ್ಲ ಅಂತ. ಕೇಳಿದವರಿಗೆಲ್ಲ ಸರ್ಟಿಫಿಕೇಟ್ ಕೊಡುತ್ತೇನೆ ಅಂತ ಅಲ್ಲ.

ಮಾಟುಂಗದ ಮಾವ
ಅಕ್ಕ ಹೇಳಿದ್ದಕ್ಕೆ ನನ್ನದೊಂದು ಹಳೆಯ ಕತೆ ಸೇರಿಸುತ್ತೇನೆ. ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ನಾನು ಫೋರ್ಟ್‌ನಲ್ಲಿ ಒಂದು ಹೋಟೆಲ್‌ನಲ್ಲಿ ಕೆಲಸಕ್ಕಿದ್ದೆ. ರಾತ್ರಿ ಕನ್ನಡ ಶಾಲೆಗೆ ಹೋಗಿ ನಾಲ್ಕಕ್ಷರ ಕಲಿತವನು. ಹಾಗಾಗಿ ಹೋಟೆಲ್‌ನ ಹುಡುಗರಿಗೆಲ್ಲ ಊರಿಗೆ ಕಾಗದ ಬರೆದುಕೊಡುವ ಕೆಲಸ ನನ್ನದಾಯ್ತು. ಮಧ್ಯಾಹ್ನ ಊಟದ ಗಿರಾಕಿ ಖಾಲಿಯಾದ ಮೇಲೆ ಮಾರ್ಬಲ್ ಟೇಬಲ್ ಒರೆಸಿ, ನೀಲಿ ಇನ್‌ಲ್ಯಾಂಡ್ ಲೆಟರ್ ಹರಡಿಕೊಂಡು ಕೂರುತ್ತಿದ್ದೆ. ಅವರು ಹೇಳುವುದು, ನಾನು ಬರೆಯುವುದು. ಊರಿಂದ ಬಂದದ್ದನ್ನು ಓದಿ ಹೇಳುವುದೂ ನಾನೇ. ಯಾರ ತಂಗಿ ಓಡಿಹೋದಳು, ಯಾರ ಗದ್ದೆ ಅಡವಿಗೆ ಬಿತ್ತು, ಯಾರು ಇಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾರೆ, ಎಲ್ಲ ನನಗೆ ಗೊತ್ತು. ಹೊರಗೆ ಆಡಿದರೆ ಮಾರನೇ ದಿನ ನನ್ನ ಹತ್ತಿರ ಯಾರೂ ಬರುವುದಿಲ್ಲ, ಅದೂ ಗೊತ್ತು.

ಒಬ್ಬ ಹುಡುಗನಿಗೆ ಟಿ.ಬಿ. ಆಯ್ತು. ಶಿವ್ಡಿ ಆಸ್ಪತ್ರೆಗೆ ಸೇರಿಸಿದೆವು. ನೋಡಲು ಹೋದಾಗ "ಅಮ್ಮನಿಗೆ ನಾನು ಸೌಖ್ಯ ಅಂತ ಬರೆಯಿರಿ" ಅಂದ. ಕಾಯಿಲೆ ವಿಷಯ ಬರೆಯುವುದಿಲ್ಲ, ಸೌಖ್ಯ ಅಂತಲೂ ಬರೆಯುವುದಿಲ್ಲ ಅಂದೆ. ಅವನು ಬಾಯಿಂದ ಹೇಳುವುದು ಅವನ ಮಾತು. ಆದರೆ ಅಕ್ಷರ ನನ್ನದು, ಆ ತಾಯಿ ನಂಬುವುದು ನನ್ನ ಅಕ್ಷರವನ್ನು. ಹಣ ಕಳಿಸಿದ ವಿಷಯ, ಮಳೆ ವಿಷಯ ಬರೆದು ಮುಗಿಸಿದೆ.

ಮುಂದಿನದ್ದು ಕೇಳಿ. ಎಲ್ಲ ಕಾಗದವೂ "ನಾನು ಸೌಖ್ಯ, ನೀವೆಲ್ಲ ಸೌಖ್ಯವೆಂದು ನಂಬಿದ್ದೇನೆ" ಅಂತಲೇ ಶುರುವಾಗಬೇಕಲ್ಲ? ಇದರಲ್ಲಿ ಆ ಸಾಲಿಲ್ಲ. ಊರಲ್ಲಿ ಓದಿ ಹೇಳಿದ ಮಾಸ್ತರಿಗೆ ಅನುಮಾನ ಬಂತು, ತಾಯಿ ಅತ್ತರು, ದೊಡ್ಡ ಮಗ ಬಸ್ಸು ಹತ್ತಿ ಮುಂಬಯಿಗೆ ಬಂದೇಬಿಟ್ಟ. ಹುಡುಗ ಗುಣವಾದ, ಆದರೆ ನನ್ನ ಜೊತೆ ಬಹಳ ಕಾಲ ಮಾತಾಡಲಿಲ್ಲ.

ಕಲ್ಯಾಣ್ ಸ್ಲೋ
ಮಾವ, ನಿಮ್ಮ ಕತೆ ನನ್ನ ಪರವಾಗಿಯೇ ಇದೆ! ನೀವು ಬಾಯಿಬಿಡಲಿಲ್ಲ, ಆದರೂ ಗುಟ್ಟು ಹೊರಬಿತ್ತು. ಇಲ್ಲೂ ಹಾಗೇ. ಸೋದರಮಾವನಿಗೆ "ನನಗೆ ಅಷ್ಟು ಗೊತ್ತಿಲ್ಲ, ಅವರನ್ನೇ ಕೇಳಿ" ಅಂದರೆ ಅವರು ಏನಂದುಕೊಳ್ಳುತ್ತಾರೆ? ಫಿಟ್ಸ್ ಅಂತಲ್ಲ. ಅದಕ್ಕಿಂತ ಕೆಟ್ಟದ್ದನ್ನೇ ಊಹಿಸುತ್ತಾರೆ. ಸುಮ್ಮನಿರುವುದೂ ಒಂದು ಉತ್ತರವೇ.

ಮೀರಾರೋಡ್ ಅಕ್ಕ
ಇದು ಪಾಯಿಂಟ್. ಒಪ್ಪಿದೆ. ಅದಕ್ಕೇ ನಮ್ಮ ಮನೆಯಲ್ಲಿ ಯಾರ ವಿಚಾರಣೆ ಬಂದರೂ ಒಂದೇ ಉತ್ತರ: "ಮದುವೆ ವಿಷಯಕ್ಕೆ ನಾವು ಯಾರ ಬಗ್ಗೆಯೂ ಒಳ್ಳೆಯದು ಕೆಟ್ಟದ್ದು ಹೇಳುವುದಿಲ್ಲ." ನನ್ನ ಸ್ವಂತ ಅಣ್ಣನ ಮಗನಿಗೂ ಅದೇ ಉತ್ತರ, ಪಕ್ಕದ ಮನೆ ಹುಡುಗಿಗೂ ಅದೇ. ಎಲ್ಲರಿಗೂ ಹಾಗೇ ಹೇಳುವುದರಿಂದ ನನ್ನ ಮೌನಕ್ಕೆ ಯಾರೂ ಅರ್ಥ ಹಚ್ಚಲು ಆಗುವುದಿಲ್ಲ. ಚಿನ್ನದಂಥ ಹುಡುಗನಿದ್ದಾಗ ಎರಡು ಒಳ್ಳೆ ಮಾತು ಹೇಳಿಬಿಡೋಣ ಅಂತ ನಾಲಿಗೆ ತುರಿಸುತ್ತದೆ. ಆಗಲೂ ಹೇಳಬಾರದು. ಅದೇ ಕಷ್ಟ.

ಅಕ್ಕನ ತಮ್ಮ
ಎಲ್ಲರೂ ನಿಮ್ಮ ಹಾಗೆ ಬಾಯಿ ಹೊಲಿದುಕೊಂಡರೆ ಊರಲ್ಲಿ ಕೂತ ಅಪ್ಪ ಅಮ್ಮ ಯಾರನ್ನು ಕೇಳಬೇಕು ಅಕ್ಕ? ಹುಡುಗನ ಅಪ್ಪನನ್ನಾ?

ನೆರೂಳ್ ನರ್ಸ್
ತಡವಾಗಿ ನೋಡಿದೆ, ಡ್ಯೂಟಿ ಇತ್ತು. ಮೊದಲು ಕಾಯಿಲೆ ವಿಷಯ. ಇದು ಅಂಟುರೋಗ ಅಲ್ಲ, ಮೈಮೇಲೆ ಬರುವುದಲ್ಲ, ಹುಚ್ಚೂ ಅಲ್ಲ. ಸರಿಯಾದ ಚಿಕಿತ್ಸೆ ಸಿಕ್ಕರೆ ಶೇ. 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಬೀಗದ ಕೈ, ಚಪ್ಪಲಿ, ಈರುಳ್ಳಿ ಯಾವುದೂ ಬೇಡ. ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಒತ್ತಿ ಹಿಡಿಯಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ತಲೆ ಕೆಳಗೆ ಮೆತ್ತಗಿನದೇನಾದರೂ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆ.

ಈಗ ಗುಟ್ಟಿನ ವಿಷಯ. ನಮಗೆ ಇದು ದಿನದ ಕೆಲಸ. ರೋಗಿಯ ಸಂಬಂಧಿಕರು ಕಾರಿಡಾರ್‌ನಲ್ಲಿ ನಿಲ್ಲಿಸಿ "ಸಿಸ್ಟರ್, ನಮಗೆ ಮಾತ್ರ ಹೇಳಿ" ಅನ್ನುತ್ತಾರೆ. ಹೇಳುವುದಿಲ್ಲ. ಡಾಕ್ಟರುಗಳ 2002ರ ನೀತಿಸಂಹಿತೆಯಲ್ಲೂ ರೋಗಿಯ ಗುಟ್ಟು ಹೊರಗೆ ಹೇಳಬಾರದು ಅಂತಿದೆ. ಕೋರ್ಟು ಕೇಳಿದರೆ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವಾಗಿದ್ದರೆ, ಇಂಥವರಿಗೇ ಅಂತ ಗುರುತಿಸಬಹುದಾದ ಗಂಭೀರ ಅಪಾಯ ಇದ್ದರೆ ಮಾತ್ರ ವಿನಾಯ್ತಿ.

ಹಾಗಾದರೆ ಇಲ್ಲಿ ಅಪಾಯ ಯಾರಿಗೆ? ಹುಡುಗಿಗೆ ಇದು ಅಂಟುವುದಿಲ್ಲ. ಎಲ್ಲರೂ ಮದುವೆ ಮದುವೆ ಅನ್ನುತ್ತಿದ್ದೀರಿ, ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಡೊಂಬಿವಲಿ ಅಣ್ಣ, ಹುಡುಗ ಗಾಡಿ ಓಡಿಸುತ್ತಾನಾ?

ಡೊಂಬಿವಲಿ ಪೂರ್ವ
ಸ್ಕೂಟರ್ ಇದೆ. ಸ್ಟೇಷನ್‌ವರೆಗೆ ಅದರಲ್ಲೇ ಹೋಗುತ್ತಾನೆ, ಅಮ್ಮನನ್ನು ಹಿಂದೆ ಕೂರಿಸಿಕೊಂಡು ದೇವಸ್ಥಾನಕ್ಕೂ.

ನೆರೂಳ್ ನರ್ಸ್
ನೋಡಿ. ಲೈಸೆನ್ಸ್ ಅರ್ಜಿ ಜೊತೆ ಕೊಡುವ ಫಾರಂ 1ರಲ್ಲಿ ಮೂರ್ಛೆ ರೋಗ ಇದೆಯಾ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುತ್ತದಾ ಅಂತ ನೇರ ಪ್ರಶ್ನೆ ಇದೆ. ಅವನು ಇಲ್ಲ ಅಂತ ಬರೆದಿರಬೇಕು. ಸೋದರಮಾವನ ಫೋನ್ ಕಾಯಲಿ, ಇದು ಇವತ್ತೇ ಮಾತಾಡಬೇಕಾದ ವಿಷಯ. ಶಾಲೆ ಬಿಡುವ ಹೊತ್ತಿಗೆ ಸ್ಟೇಷನ್ ರಸ್ತೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಅವನು ಗಾಡಿ ಬಿಡುವುದಿಲ್ಲ ಅಂದರೆ ಮನೆಯವರಿಗೆ ಹೇಳಿ ಬಿಡಿಸಿ. ಇದರಲ್ಲಿ ಮಾತು ಕೊಟ್ಟಿದ್ದೆ, ಗಿಟ್ಟಿದ್ದೆ ಅಂತ ಕೂರಬೇಡಿ.

ಥಾಣೆ ವಕೀಲ
ಕಾನೂನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ, ನಮ್ಮ ಜಾತಿಯ ಅಭ್ಯಾಸ ಇದು.

ಮೂರ್ಛೆ ರೋಗ ಇದ್ದವರು ಮದುವೆಗೆ ಅನರ್ಹರು ಅಂತ ಹಿಂದೂ ವಿವಾಹ ಕಾಯ್ದೆಯಲ್ಲಿ ಒಂದು ಮಾತು ಇತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ಕಿತ್ತುಹಾಕಿದರು. ಹಾಗಾಗಿ ಹುಡುಗ ಮದುವೆಯಾಗಲು ಯಾವ ಅಡ್ಡಿಯೂ ಇಲ್ಲ. ಆದರೆ ಅದೇ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಮುಖ್ಯವಾದ ಸಂಗತಿ ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ಪಡೆದಿದ್ದರೆ ಆ ಮದುವೆಯನ್ನು ರದ್ದು ಮಾಡಿ ಅಂತ ಕೇಳಬಹುದು. ಮೋಸ ಗೊತ್ತಾದ ಒಂದು ವರ್ಷದೊಳಗೆ ಕೇಳಬೇಕು. ಫಿಟ್ಸ್ ಮುಚ್ಚಿಟ್ಟದ್ದು ಅಂಥ ಮೋಸವಾ ಅನ್ನುವುದು ಕೇಸಿನಿಂದ ಕೇಸಿಗೆ ಬೇರೆಯಾಗುತ್ತದೆ. ಅಂದರೆ ಮುಚ್ಚಿಟ್ಟರೆ ಹುಡುಗನಿಗೇ ಕುತ್ತು. ಅವನ ಒಳ್ಳೆಯದಕ್ಕೇ ಅಂತ ಮುಚ್ಚಿಡುವವರು ಇದನ್ನು ತಿಳಿದಿರಲಿ.

ಇನ್ನೊಂದು. 1998ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಕೇಸು ಬಂತು. ರಕ್ತ ಕೊಡಲು ಹೋದವರಿಗೆ ಎಚ್‌ಐವಿ ಇರುವುದು ಆಸ್ಪತ್ರೆಯಿಂದ ಹೊರಬಿತ್ತು, ನಿಶ್ಚಯವಾಗಿದ್ದ ಮದುವೆ ಮುರಿಯಿತು. ಅವರು ಆಸ್ಪತ್ರೆ ಮೇಲೆ ಹೋದರು, ಕೋರ್ಟು ಒಪ್ಪಲಿಲ್ಲ. ಹುಡುಗಿಯ ಆರೋಗ್ಯದ ಹಕ್ಕೇ ದೊಡ್ಡದು ಅಂತ ಹೇಳಿತು. "ಹಾಗಾದರೆ ಹೇಳಿಬಿಡಬಹುದು" ಅಂತ ಇದನ್ನು ಹಿಡಿದುಕೊಂಡು ಓಡಬೇಡಿ. ಅದು ಅಂಟುವ ರೋಗದ ಮಾತು. ಆಮೇಲೆ 2017ರಲ್ಲಿ ಎಚ್‌ಐವಿಗೇ ಬೇರೆ ಕಾನೂನು ಬಂತು. ಅದರಲ್ಲಿ ಡಾಕ್ಟರು ಸಂಗಾತಿಗೆ ಹೇಳಬೇಕಾದರೂ ಒಂದು ಕ್ರಮ ಇದೆ: ಮೊದಲು ರೋಗಿಗೇ "ನೀನೇ ಹೇಳು" ಅನ್ನಬೇಕು, ತಿಳಿಹೇಳಬೇಕು. ಅವನು ಹೇಳುವುದಿಲ್ಲ ಅಂತ ಖಾತ್ರಿಯಾದರೆ, ನಾನು ಹೇಳಲಿದ್ದೇನೆ ಅಂತ ಅವನಿಗೆ ತಿಳಿಸಿಯೇ ಹೇಳಬೇಕು. ಬೆನ್ನ ಹಿಂದೆ ಹೇಳುವ ಹಾಗಿಲ್ಲ.

ಜೀವಕ್ಕೇ ಕುತ್ತು ಇರುವ ವಿಷಯದಲ್ಲಿ ಕಾನೂನು ಇಷ್ಟು ಮೆಟ್ಟಿಲು ಹತ್ತಿಸುತ್ತದೆ. ನೀವು ಸೋದರಮಾವನ ಒಂದು ಫೋನಿಗೆ ಮೇಲಿನ ಮೆಟ್ಟಿಲಿಗೇ ಹಾರಬೇಕಾ? ಮೊದಲು ಹುಡುಗನ ಹತ್ತಿರ ಹೋಗಿ.

ಹುಬ್ಬಳ್ಳಿ ಟು ಪುಣೆ
ವಕೀಲ ಸಾಹೇಬ್ರೇ, ಗೆಳೆಯನಿಗೆ ಹೇಳಿದ ಗುಟ್ಟಿಗೆ ಕೋರ್ಟಿನಲ್ಲಿ ಏನಾದರೂ ರಕ್ಷಣೆ ಇದೆಯೇನ್ರೀ?

ಥಾಣೆ ವಕೀಲ
ಇಲ್ಲ. ಗಂಡ ಹೆಂಡತಿ ನಡುವಿನ ಮಾತಿಗೆ ಇದೆ, ವಕೀಲರಿಗೆ ಹೇಳಿದ್ದಕ್ಕೆ ಇದೆ. ಹಳೇ 1872ರ ಸಾಕ್ಷ್ಯ ಕಾಯ್ದೆ ಹೋಗಿ 2024ರ ಜುಲೈ 1ರಿಂದ ಹೊಸದು ಜಾರಿಗೆ ಬಂದಿದೆ, ಅದರಲ್ಲೂ ಹಾಗೇ ಮುಂದುವರಿದಿದೆ. ಗೆಳೆಯನಿಗೆ ಇಲ್ಲ, ಡಾಕ್ಟರಿಗೂ ಇಲ್ಲ. ಕೋರ್ಟು ಕರೆದು ಕೇಳಿದರೆ ಹೇಳಬೇಕು.

ಇನ್ನೊಂದು ಗೆರೆ ಇದೆ, ಅದರ ಹತ್ತಿರ ಚರ್ಚೆಯೇ ಇಲ್ಲ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ, ಎಂಥ ಆಣೆ ಮಾಡಿಸಿಕೊಂಡು ಹೇಳಿದ್ದರೂ ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೋ ಕಾಯ್ದೆ. ತಿಳಿಸದೆ ಸುಮ್ಮನಿದ್ದವರಿಗೇ ಆರು ತಿಂಗಳವರೆಗೆ ಜೈಲು ಆಗಬಹುದು. ಮನೆ ಮರ್ಯಾದೆ ಅಂತ ಮುಚ್ಚಿಹಾಕುವವರು ನಮ್ಮಲ್ಲಿ ಜಾಸ್ತಿ, ಅದಕ್ಕೇ ಹೇಳಿದೆ.

ಮಾತ್ರೆ ಡಬ್ಬಿ, ಪುಣೆ
ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ. ನನಗೂ ಫಿಟ್ಸ್ ಇದೆ, ಶಾಲೆಯಲ್ಲಿದ್ದಾಗಿನಿಂದ.

ನನ್ನ ವಿಷಯದಲ್ಲಿ ಪಕ್ಕದ ಮನೆ ಆಂಟಿ "ಹೇಳಿಬಿಟ್ಟರು". ಅವರ ಉದ್ದೇಶ ಕೆಟ್ಟದ್ದಿರಲಿಲ್ಲ, ಇಲ್ಲಿ ಅಕ್ಕನ ತಮ್ಮ ಹೇಳುತ್ತಿರುವಂತೆಯೇ ಒಬ್ಬ ಹುಡುಗನ ಮನೆಗೆ ಉಪಕಾರ ಮಾಡಿದರು. ಆದರೆ ಅವರ ಬಾಯಿಂದ ಹೋದದ್ದು ಏನು? "ಹುಡುಗಿಗೆ ಬಿದ್ದು ಹೊರಳುವ ಕಾಯಿಲೆ." ನಾನು ಹೇಳಿದ್ದರೆ ಏನು ಹೇಳುತ್ತಿದ್ದೆ? ರಾತ್ರಿ ಹನ್ನೊಂದಕ್ಕೆ ಮಲಗಲೇಬೇಕು, ನಿದ್ದೆಗೆಟ್ಟರೆ ತೊಂದರೆ. ಮಾತ್ರೆ ಬೆಳಗ್ಗೆ ಒಂದು, ರಾತ್ರಿ ಒಂದು. ಮೊದಲು ಕೊಡುತ್ತಿದ್ದ ವ್ಯಾಲ್ಪ್ರೊಯೇಟ್ ಬಸಿರಿನಲ್ಲಿ ಮಗುವಿಗೆ ಒಳ್ಳೆಯದಲ್ಲ ಅಂತ ಡಾಕ್ಟರು ಮೊದಲೇ ಬದಲಾಯಿಸಿದ್ದಾರೆ. ಉಪವಾಸ, ಜಾಗರಣೆ ನನ್ನಿಂದ ಆಗದು. ಇಷ್ಟೇ. ಎರಡೂ ಒಂದೇ ಗುಟ್ಟು, ಆದರೆ ಕೇಳಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇನಾ?

ಆಮೇಲೆ ನಾನೇ ಹೇಳಲು ಶುರು ಮಾಡಿದೆ. ಮೊದಲ ಭೇಟಿಯಲ್ಲಲ್ಲ, ಎರಡನೆಯದರಲ್ಲಿ, ಮನೆಯವರು ಮಾತು ಮುಗಿಸುವ ಮೊದಲು. ಕೆಲವರು ಕಾಫಿ ಕುಡಿದು ಎದ್ದು ಹೋದರು. ಒಬ್ಬರು ಮಾತ್ರೆ ಹೆಸರು ಕೇಳಿ ಫೋನ್‌ನಲ್ಲಿ ಬರೆದುಕೊಂಡರು. ಅವರನ್ನೇ ಮದುವೆಯಾದೆ.

ಹುಡುಗನಿಗೆ ಹೇಳಲು ಅವಕಾಶ ಕೊಡಿ. ಹೇಳದೆ ಮದುವೆಯಾದರೆ ಅವನು ಮಾತ್ರೆ ಕದ್ದು ತಿನ್ನಬೇಕು. ಕದ್ದು ತಿನ್ನುವವರಿಗೆ ತಪ್ಪುವುದು ಹೆಚ್ಚು. ತಪ್ಪಿದರೆ ಏನಾಗುತ್ತದೆ ಅಂತ ಡೊಂಬಿವಲಿ ಸ್ಟೇಷನ್‌ನಲ್ಲಿ ನೋಡಿದ್ದೀರಲ್ಲ.

ಅಕ್ಕನ ತಮ್ಮ
ಅಕ್ಕ, ನಿಮ್ಮ ಮಾತು ಓದಿ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಪೂರ್ತಿ ಇಲ್ಲ. ಅವನು ಹೇಳುತ್ತೇನೆ ಹೇಳುತ್ತೇನೆ ಅಂತ ನಿಶ್ಚಿತಾರ್ಥದವರೆಗೆ ಎಳೆದರೆ? ಕಾರ್ಡ್ ಹಂಚಿದ ಮೇಲೆ ಹುಡುಗಿ ಮನೆಯವರ ಬಾಯಿ ಕಟ್ಟಿಹೋಗುತ್ತದೆ. ಒಂದು ಗಡುವು ಇರಬೇಕು.

ಹುಬ್ಬಳ್ಳಿ ಟು ಪುಣೆ
ತಾಳಮದ್ದಲೆ ಕೇಳುವವರು ಇಲ್ಲಿ ಬಹಳ ಇದ್ದೀರಿ, ಕೃಷ್ಣ ಕರ್ಣರ ಮಾತು ನೆನಪಿಸಿಕೊಳ್ಳಿ. ನೀನು ಕುಂತಿಯ ಮಗ ಅಂತ ಕೃಷ್ಣ ಹೇಳಿದ ಮೇಲೆ ಕರ್ಣ ಬೇಡಿಕೊಂಡದ್ದು ಒಂದೇ: ಧರ್ಮರಾಯನಿಗೆ ಹೇಳಬೇಡ, ಗೊತ್ತಾದರೆ ಅವನು ರಾಜ್ಯ ಬೇಡ ಅಂತಾನೆ. ಕೃಷ್ಣ ಮಾತು ಉಳಿಸಿಕೊಂಡ. ಫಲ ಏನು? ತಮ್ಮನೇ ಅಣ್ಣನನ್ನು ಕೊಂದ.

ಮೀರಾರೋಡ್ ಅಕ್ಕ
ಅದರ ಮುಂದಿನ ಭಾಗ ಇನ್ನೂ ಚೆಂದ. ಯುದ್ಧ ಮುಗಿದು ತರ್ಪಣ ಬಿಡುವ ಹೊತ್ತಿಗೆ ಕುಂತಿ ಬಾಯಿಬಿಟ್ಟಳು. ಆಗ ಧರ್ಮರಾಯ ಸಿಟ್ಟಿನಲ್ಲಿ ಹೆಂಗಸರಿಗೆ ಗುಟ್ಟು ನಿಲ್ಲದಿರಲಿ ಅಂತ ಶಾಪ ಕೊಟ್ಟನಂತೆ. ಆಕೆ ಜೀವಮಾನವಿಡೀ ಗುಟ್ಟು ಕಾಪಾಡಿದ್ದಕ್ಕೆ ಈ ಬಹುಮಾನ! ಅದೇ ಗುಟ್ಟು ಇಟ್ಟುಕೊಂಡಿದ್ದ ಕೃಷ್ಣನನ್ನು ಯಾರೂ ಕೇಳಲಿಲ್ಲ ನೋಡಿ.

ಮಾಟುಂಗದ ಮಾವ
ಡೊಂಬಿವಲಿಯವರೇ, ಗಡುವಿನ ಮಾತು ಸರಿಯಿದೆ. ನಿಶ್ಚಿತಾರ್ಥದ ದಿನ ಗೊತ್ತು ಮಾಡುವ ಮೊದಲು ಹೇಳಬೇಕು ಅನ್ನಿ. "ನಾನು ಹೇಳಿಬಿಡುತ್ತೇನೆ" ಅಂತ ಹೆದರಿಸಬೇಡಿ. "ನನ್ನನ್ನು ಸಾಕ್ಷಿಗೆ ಕರೆಯಬೇಡ, ನನ್ನ ಬಾಯಲ್ಲಿ ಒಳ್ಳೆ ಹುಡುಗ ಅನ್ನುವ ಮಾತು ಬರುವುದಿಲ್ಲ" ಅನ್ನಿ. ಅವನು ಬುದ್ಧಿವಂತನಾದರೆ ಅಷ್ಟು ಸಾಕು.

ಡೊಂಬಿವಲಿ ಪೂರ್ವ
ಎಲ್ಲರಿಗೂ ಧನ್ಯವಾದ. ಏನಾಯ್ತು ಅಂತ ಬರೆಯುತ್ತೇನೆ.

ರಾತ್ರಿ ಊಟ ಆದ ಮೇಲೆ ಹುಡುಗನನ್ನು ಟೆರೇಸಿಗೆ ಕರೆದೆ. ಮೊದಲು ಸ್ಕೂಟರ್. ಅರ್ಧ ಗಂಟೆ ವಾದ ಮಾಡಿದ, ಡಾಕ್ಟರು ಬೇಡ ಅಂದದ್ದು ನಿಜ ಅಂತ ಕೊನೆಗೆ ಒಪ್ಪಿದ. ಈಗ ಶೇರ್ ರಿಕ್ಷಾದಲ್ಲಿ ಹೋಗುತ್ತಿದ್ದಾನೆ. ಆಮೇಲೆ ಸೋದರಮಾವನ ಫೋನ್ ವಿಷಯ ಹೇಳಿದೆ. ಮುಖ ಸಣ್ಣದಾಯ್ತು. ಹುಡುಗಿಗೆ ಹೇಳಬೇಕು ಅಂತ ಅವನಿಗೂ ಇತ್ತಂತೆ, ಅಮ್ಮ ಬಿಡಲಿಲ್ಲವಂತೆ. "ಮದುವೆ ಆದ ಮೇಲೆ ಎಲ್ಲ ಸರಿಹೋಗುತ್ತೆ" ಅಂದರಂತೆ.

ಸೋದರಮಾವನಿಗೆ ಮೀರಾರೋಡ್ ಅಕ್ಕನ ಮಾತನ್ನೇ ಹೇಳಿದೆ. ಅವರಿಗೆ ಬೇಸರ ಆಯ್ತು. "ಸಂಘದಲ್ಲಿ ಇಷ್ಟು ವರ್ಷದ ಪರಿಚಯ, ಇಷ್ಟೂ ಹೇಳಲಾರಿರಾ?" ಅಂದರು. ಹುಡುಗ ಹುಡುಗಿ ಇಬ್ಬರೂ ಕೂತು ಮಾತಾಡಲಿ, ನೀವು ಅವಸರ ಮಾಡಬೇಡಿ ಅಂತ ಮಾತ್ರ ಹೇಳಿದೆ. ಇದೂ ಸುಳಿವು ಕೊಟ್ಟ ಹಾಗಾಯ್ತಾ ಅಂತ ಕಲ್ಯಾಣ್ ಸ್ಲೋ ಕೇಳಬಹುದು. ಆಗಿರಬಹುದು.

ಭಾನುವಾರ ಹುಡುಗ ಅವಳಿಗೆ ಹೇಳಿದ. ಅವಳು ಡಾಕ್ಟರನ್ನು ಒಮ್ಮೆ ಭೇಟಿ ಮಾಡಬೇಕು ಅಂದಳಂತೆ. ಹುಡುಗನ ಅಮ್ಮ ಲಿಫ್ಟ್‌ನಲ್ಲಿ ಸಿಕ್ಕರೆ ಈಗ ನನ್ನ ಮುಖ ನೋಡುವುದಿಲ್ಲ. ಇರಲಿ.

ಆದರೆ ಒಂದು ವಿಷಯ. ಅವನು ಹುಡುಗಿಗೆ ಹೇಳುವಾಗ "ನಿಮ್ಮ ಮನೆಯವರಿಗೆ ಈಗಲೇ ಹೇಳಬೇಡ" ಅಂತಲೂ ಹೇಳಿದ್ದಾನೆ.

ಅಕ್ಕನ ತಮ್ಮ
ಅಲ್ಲಿಗೆ ಬಂತು! ನಿಮ್ಮ ತಲೆ ಮೇಲಿದ್ದದ್ದನ್ನು ಇಳಿಸಿ ಆ ಹುಡುಗಿ ತಲೆ ಮೇಲೆ ಇಟ್ಟ. ಈಗ ಅವಳು ಅಪ್ಪ ಅಮ್ಮನ ಮುಂದೆ ಏನೂ ಗೊತ್ತಿಲ್ಲದವಳ ಹಾಗೆ ಕೂರಬೇಕಾ?

ಕಲ್ಯಾಣ್ ಸ್ಲೋ
ಮದುವೆ ಆಗುವವಳು ಅವಳು. ಒಪ್ಪಿಗೆ ಅವಳದು. ಅವಳಿಗೆ ಗೊತ್ತಾದರೆ ಸಾಕು, ಇಡೀ ಘಾಟ್ಕೋಪರ್‌ಗೆ ಯಾಕೆ?

ಮಾತ್ರೆ ಡಬ್ಬಿ, ಪುಣೆ
ಘಾಟ್ಕೋಪರ್‌ಗೆ ಬೇಡ. ಅವಳ ಅಮ್ಮನಿಗೆ ಹೇಳಬೇಕೋ ಬೇಡವೋ ಅನ್ನುವುದನ್ನು ಅವಳೇ ತೀರ್ಮಾನಿಸಲಿ. ಇಷ್ಟು ದೊಡ್ಡ ವಿಷಯ ಹೇಳಿ, ಯೋಚನೆ ಮಾಡಲು ಜೊತೆಗೆ ಒಬ್ಬರೂ ಇರದ ಹಾಗೆ ಬಾಯಿ ಕಟ್ಟುವುದು ಸರಿಯಲ್ಲ. ನನ್ನ ಗಂಡನಿಗೆ ನಾನು ಆ ಷರತ್ತು ಹಾಕಲಿಲ್ಲ. ಅವರು ಅಂದು ರಾತ್ರಿಯೇ ತಮ್ಮ ಅಕ್ಕನಿಗೆ ಫೋನ್ ಮಾಡಿದರಂತೆ.

ಡೊಂಬಿವಲಿ ಪೂರ್ವ
ಸರಿ ತಂಗಿ. ಆ ಷರತ್ತು ತೆಗಿ ಅಂತ ಅವನಿಗೆ ಹೇಳುತ್ತೇನೆ. ನಾಳೆ 7.50ರ ಲೋಕಲ್‌ನಲ್ಲಿ ಸಿಗುತ್ತಾನೆ.